ಲೋಡ್ ಕೊಟ್ಟೊಡನೆ ವೋಲ್ಟೇಜ್ ಇಳಿಯುವುದೇಕೆ?

ಸ್ವಾತಂತ್ರ್ಯ ದಿನಾಚರಣೆಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹಾಡಿನ ಅಭ್ಯಾಸ ನಡೆದಿತ್ತು. ಮೇಜಿನ ಮೇಲೆ 12 ವೋಲ್ಟ್‌ನಲ್ಲಿ ಕೆಲಸ ಮಾಡುವ ಪುಟ್ಟ ಆಂಪ್ಲಿಫೈಯರ್, ಒಂದು ಮೈಕು, ಒಂದು ಸ್ಪೀಕರ್. ಆಂಪ್ಲಿಫೈಯರ್‌ಗೆ ವಿದ್ಯುತ್ ಕೊಡುತ್ತಿದ್ದ ಪೆಟ್ಟಿಗೆಯನ್ನು ಏಳನೇ ತರಗತಿಯ ಹುಡುಗಿಯೊಬ್ಬಳು ವಿಜ್ಞಾನದ ಮೇಷ್ಟರ ನೆರವಿನಿಂದ ತಾನೇ ಜೋಡಿಸಿದ್ದಳು. ವಸ್ತು ಪ್ರದರ್ಶನದಲ್ಲಿ ಎಲ್ಲರೂ ಮೆಚ್ಚಿದ್ದ ಪೆಟ್ಟಿಗೆ ಅದು.

ಒಬ್ಬರೇ ಮೆಲ್ಲಗೆ ಮಾತನಾಡಿದಾಗ ಎಲ್ಲ ಸರಿಯಾಗಿತ್ತು. ಹತ್ತು ಮಕ್ಕಳು ಒಟ್ಟಾಗಿ ದನಿ ಏರಿಸಿದೊಡನೆ ಸ್ಪೀಕರ್‌ನಿಂದ ‘ಗೊರ್‌ರ್‌ರ್’ ಎಂಬ ಸದ್ದು. ಹಾಡಿನ ಪದಗಳು ಒಡೆದು ಚೂರುಚೂರಾಗಿ ಕೇಳಿಸಿದವು. ಮೈಕು ಬದಲಾಯಿಸಿದರು, ಪ್ರಯೋಜನವಾಗಲಿಲ್ಲ. ಆಂಪ್ಲಿಫೈಯರನ್ನು ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಗೆ ಒಯ್ದರು. ‘ಇದರಲ್ಲಿ ಏನೂ ಕೆಟ್ಟಿಲ್ಲ’ ಎಂದು ಅವರು ವಾಪಸು ಕೊಟ್ಟರು. ಒಂದು ದಿನ ಕಳೆಯಿತು, ಬಸ್ಸಿನ ಖರ್ಚೂ ಆಯಿತು. ಕೊನೆಗೆ ಹುಡುಗಿಯ ಪೆಟ್ಟಿಗೆಗೆ ಮಲ್ಟಿಮೀಟರ್ ಹಿಡಿದು ನೋಡಿದರು. ಸರಿಯಾಗಿ 12 ವೋಲ್ಟ್!

ಪೆಟ್ಟಿಗೆ ಸರಿಯಿದೆ ಎಂದು ಮೀಟರ್ ಹೇಳುತ್ತಿದೆ. ಆಂಪ್ಲಿಫೈಯರ್ ಸರಿಯಿದೆ ಎಂದು ಅಂಗಡಿಯವರು ಹೇಳುತ್ತಾರೆ. ಎರಡೂ ಸರಿಯಿದ್ದರೆ ಗೊರಗೊರ ಸದ್ದು ಎಲ್ಲಿಂದ ಬಂತು? ‘ಮಕ್ಕಳು ಮಾಡಿದ್ದು ಪ್ರದರ್ಶನಕ್ಕೆ ಸರಿ, ಕೆಲಸಕ್ಕೆ ಬಾರದು. ಬಾಡಿಗೆ ಮೈಕ್‌ಸೆಟ್ ತರಿಸಿಬಿಡೋಣ’ ಎಂದು ಹಿರಿಯರೊಬ್ಬರು ಹೇಳಿಯೂ ಆಯಿತು. ಹುಡುಗಿಯ ಮುಖ ಸಣ್ಣದಾಯಿತು. ‘ಎರಡು ದಿನ ಕೊಡಿ, ನೋಡೋಣ’ ಎಂದರು ವಿಜ್ಞಾನದ ಮೇಷ್ಟರು.

ಈ ಎರಡು ದಿನಗಳಲ್ಲಿ ಅವರು ಏನು ಮಾಡಿದರು? ಬನ್ನಿ, ನಾವೂ ಅವರ ಜೊತೆ ಹುಡುಕೋಣ.

ಮುಚ್ಚಿದ ನಲ್ಲಿ, ತೆರೆದ ನಲ್ಲಿ

ನಿಮ್ಮೂರಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಟ್ಯಾಂಕಿನಿಂದ ನಲ್ಲಿಗೆ ಒಂದು ಸಣ್ಣ ಪೈಪು ಬಂದಿದೆ ಎನ್ನಿ. ನಲ್ಲಿ ಮುಚ್ಚಿದಾಗ ಬೆರಳಿನಿಂದ ಅದರ ಬಾಯಿ ಒತ್ತಿ ಸ್ವಲ್ಪವೇ ತೆರೆಯಿರಿ. ನೀರು ಜೋರಾಗಿ ಚಿಮ್ಮುತ್ತದೆ. ಅದೇ ಪೈಪಿನಲ್ಲಿರುವ ನಾಲ್ಕು ನಲ್ಲಿಗಳನ್ನೂ ಪೂರ್ತಿ ತೆರೆಯಿರಿ. ಎಲ್ಲದರಲ್ಲೂ ಸಣ್ಣ ಧಾರೆ! ಟ್ಯಾಂಕಿನ ಎತ್ತರವೇನೂ ಕಡಿಮೆಯಾಗಿಲ್ಲ. ಆದರೆ ನೀರು ಹೆಚ್ಚು ಹರಿದಂತೆ ಸಣ್ಣ ಪೈಪಿನಲ್ಲಿ ಒತ್ತಡ ಕಳೆದುಹೋಗುತ್ತದೆ. ನೀರು ಹರಿಯದೆ ನಿಂತಿದ್ದರೆ ಒತ್ತಡ ಕಳೆಯುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲೂ ಹೀಗೆಯೇ. ಒತ್ತಡದ ಸ್ಥಾನದಲ್ಲಿ ವೋಲ್ಟೇಜ್, ಹರಿಯುವ ನೀರಿನ ಸ್ಥಾನದಲ್ಲಿ ವಿದ್ಯುತ್ ಪ್ರವಾಹ, ಸಣ್ಣ ಪೈಪಿನ ಸ್ಥಾನದಲ್ಲಿ ರೋಧ. ಪ್ರವಾಹವನ್ನು ಆಂಪಿಯರ್‌ನಲ್ಲಿ, ರೋಧವನ್ನು ಓಮ್‌ನಲ್ಲಿ ಅಳೆಯುತ್ತೇವೆ. ಪ್ರವಾಹವನ್ನು ರೋಧದಿಂದ ಗುಣಿಸಿದರೆ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆಯಿತೆಂದು ತಿಳಿಯುತ್ತದೆ. ಬಲ್ಬು, ರೇಡಿಯೋ, ಆಂಪ್ಲಿಫೈಯರ್, ಹೀಗೆ ಪ್ರವಾಹ ಎಳೆಯುವ ಯಾವುದನ್ನೇ ಆಗಲಿ ವಿದ್ಯುತ್ ಕೆಲಸದವರು ‘ಲೋಡ್’ ಎನ್ನುತ್ತಾರೆ. ಮಲ್ಟಿಮೀಟರ್ ವೋಲ್ಟ್ ಅಳೆಯುವಾಗ ಎಳೆಯುವ ಪ್ರವಾಹ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಅಂದರೆ ಮೀಟರ್ ಮಾತ್ರ ಹಿಡಿದು ಅಳೆಯುವುದು ನಲ್ಲಿ ಮುಚ್ಚಿಟ್ಟು ಒತ್ತಡ ನೋಡಿದ ಹಾಗೆ. ಶಾಲೆಯಲ್ಲಿ ಆದದ್ದೂ ಇದೇ. ಮೀಟರ್ ಸುಳ್ಳು ಹೇಳಿರಲಿಲ್ಲ. ನಾವು ಅದನ್ನು ಕೇಳಿದ ಹೊತ್ತು ಸರಿಯಿರಲಿಲ್ಲ, ಅಷ್ಟೆ.

ಈ ನಿಯಮವನ್ನು ಕಂಡುಕೊಂಡವರು ಜರ್ಮನಿಯ ಜಾರ್ಜ್ ಸೈಮನ್ ಓಮ್. ಅವರು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟರು. ಅವರಿಗೂ ನಮ್ಮ ಹುಡುಗಿಗೆ ಎದುರಾದಂಥದೇ ತೊಂದರೆ ಎದುರಾಗಿತ್ತು. ಅಂದಿನ ಬ್ಯಾಟರಿಗಳ ವೋಲ್ಟೇಜ್ ಪ್ರಯೋಗದ ನಡುವೆಯೇ ಏರಿಳಿಯುತ್ತಿತ್ತು. ಹಾಗಾಗಿ ಅವರು ಬ್ಯಾಟರಿ ಬಿಟ್ಟು, ಎರಡು ಲೋಹಗಳ ಬೆಸುಗೆಯ ಒಂದು ತುದಿಯನ್ನು ಬಿಸಿಯಾಗಿ, ಇನ್ನೊಂದನ್ನು ತಣ್ಣಗೆ ಇಟ್ಟು ಸ್ಥಿರವಾದ ವಿದ್ಯುತ್ ಪಡೆದರು. 1827ರಲ್ಲಿ ಅವರ ಪುಸ್ತಕ ಪ್ರಕಟವಾಯಿತು. ರೋಧದ ಮಾನಕ್ಕೆ ಇಂದು ಅವರದೇ ಹೆಸರಿದೆ.

ಮಾಡಿ ನೋಡಿ

ಈ ಪ್ರಯೋಗವನ್ನು ಮಕ್ಕಳು ನಿರ್ಭಯವಾಗಿ ಮಾಡಬಹುದು. ಬೇಕಾದವು: ಒಂದು ಹೊಸ ಸೆಲ್, ಒಂದು ಹಳೆಯ ಸೆಲ್, ಟಾರ್ಚ್ ಬಲ್ಬು, ಎರಡು ತುಂಡು ತಂತಿ, ಮಲ್ಟಿಮೀಟರ್.

1. ಮಲ್ಟಿಮೀಟರನ್ನು ಡಿ.ಸಿ. ವೋಲ್ಟ್‌ಗೆ ತಿರುಗಿಸಿ. ಎರಡೂ ಸೆಲ್‌ಗಳ ವೋಲ್ಟೇಜ್ ಅಳೆದು ಬರೆದುಕೊಳ್ಳಿ.
2. ಹೊಸ ಸೆಲ್‌ಗೆ ಬಲ್ಬು ಜೋಡಿಸಿ. ಬಲ್ಬು ಉರಿಯುತ್ತಿರುವಾಗಲೇ ಸೆಲ್‌ನ ಎರಡು ತುದಿಗಳಲ್ಲಿ ಮತ್ತೆ ಅಳೆಯಿರಿ.
3. ಹಳೆಯ ಸೆಲ್‌ನೊಂದಿಗೂ ಹೀಗೆಯೇ ಮಾಡಿ.

ಬಲ್ಬು ಇಲ್ಲದಾಗ ಎರಡು ಸೆಲ್‌ಗಳ ನಡುವೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಬಲ್ಬು ಜೋಡಿಸಿದೊಡನೆ ಹಳೆಯದರ ಬಣ್ಣ ಬಯಲಾಗುತ್ತದೆ. ಒಂದು ಉದಾಹರಣೆ ನೋಡಿ. ಬಲ್ಬು ಇಲ್ಲದಾಗ 1.5 ವೋಲ್ಟ್ ಇದ್ದ ಸೆಲ್, ಬಲ್ಬು 0.2 ಆಂಪಿಯರ್ ಎಳೆದಾಗ 1.3 ವೋಲ್ಟ್‌ಗೆ ಇಳಿಯಿತು ಎನ್ನೋಣ. ಕಳೆದದ್ದು 0.2 ವೋಲ್ಟ್. ಅದನ್ನು 0.2 ಆಂಪಿಯರ್‌ನಿಂದ ಭಾಗಿಸಿದರೆ 1 ಓಮ್. ಸೆಲ್‌ನೊಳಗೇ ಅಡಗಿರುವ ಈ ರೋಧವನ್ನು ಒಳರೋಧ ಎನ್ನುತ್ತೇವೆ. ಸೆಲ್ ಹಳೆಯದಾದಂತೆ ಒಳರೋಧ ಹೆಚ್ಚುತ್ತದೆ. ಟಾರ್ಚ್ ಉರಿಸಲಾರದ ಸೆಲ್ ಗೋಡೆ ಗಡಿಯಾರದಲ್ಲಿ ಇನ್ನೂ ತಿಂಗಳುಗಟ್ಟಲೆ ಓಡುವುದನ್ನು ನೀವು ಮನೆಯಲ್ಲಿ ಕಂಡಿರಬಹುದು. ಗಡಿಯಾರ ಎಳೆಯುವ ಪ್ರವಾಹ ಬಹಳ ಕಡಿಮೆ. ಆದ್ದರಿಂದ ಅದಕ್ಕೆ ಒಳರೋಧದ ಕಾಟ ತಟ್ಟುವುದಿಲ್ಲ.

ಪೆಟ್ಟಿಗೆಯೊಳಗೆ ಏನೇನಿದೆ?

ಹುಡುಗಿ ಮಾಡಿದ ಪೆಟ್ಟಿಗೆಯೊಳಗೆ ನಾಲ್ಕು ಮುಖ್ಯ ಭಾಗಗಳಿದ್ದವು. ರೇಡಿಯೋಗೆ ಬಳಸುತ್ತಿದ್ದ ಬ್ಯಾಟರಿ ಎಲಿಮಿನೇಟರ್‌ನಲ್ಲೂ ಸುಮಾರಾಗಿ ಇವೇ ಇರುತ್ತಿದ್ದವು.

ಮೊದಲನೆಯದು ಟ್ರಾನ್ಸ್‌ಫಾರ್ಮರ್. ಇದು 230 ವೋಲ್ಟ್ ಎ.ಸಿ.ಯನ್ನು 12 ವೋಲ್ಟ್ ಎ.ಸಿ.ಗೆ ಇಳಿಸುತ್ತದೆ. ಇದರ ಹಿಂದಿರುವುದು ಮೈಕೆಲ್ ಫ್ಯಾರಡೆ 1831ರಲ್ಲಿ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ತೋರಿಸಿದ ತತ್ತ್ವ.

ಎರಡನೆಯದು ನಾಲ್ಕು ಡಯೋಡ್‌ಗಳ ಸೇತುವೆ. ಎ.ಸಿ. ಪ್ರವಾಹ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುತ್ತದೆ. ಡಯೋಡ್ ಒಂದೇ ದಿಕ್ಕಿಗೆ ಬಿಡುವ ಬಾಗಿಲು. ನಾಲ್ಕು ಬಾಗಿಲು ಸೇರಿ ಎರಡೂ ದಿಕ್ಕಿನ ಓಟವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಆಗ ಸೆಕೆಂಡಿಗೆ 100 ಅಲೆಗಳು ಸಿಗುತ್ತವೆ. ಈ ಕೆಲಸಕ್ಕೆ ಡಯೋಡ್‌ಗಳು ಸುಂಕವನ್ನೂ ವಸೂಲು ಮಾಡುತ್ತವೆ. ಒಂದೊಂದಕ್ಕೆ ಸುಮಾರು 0.7 ವೋಲ್ಟ್. ಒಂದು ಸಲಕ್ಕೆ ಎರಡು ಡಯೋಡ್ ದಾಟಬೇಕಾದ್ದರಿಂದ ಒಟ್ಟು 1.4 ವೋಲ್ಟ್.

ಮೂರನೆಯದು ಕೆಪಾಸಿಟರ್, ಅಂದರೆ ಧಾರಕ. ಕೈಪಂಪಿನ ಬಳಿ ಇರುವ ತೊಟ್ಟಿಯನ್ನು ಕಲ್ಪಿಸಿಕೊಳ್ಳಿ. ಪಂಪು ಒತ್ತಿದಾಗಲೆಲ್ಲ ನೀರು ಬುಳಕ್ಕೆಂದು ತೊಟ್ಟಿಗೆ ಬೀಳುತ್ತದೆ. ತೊಟ್ಟಿಯ ತೂತಿನಿಂದ ನೀರು ಒಂದೇ ಸಮನೆ ಹರಿಯುತ್ತದೆ. ಧಾರಕವೂ ಹಾಗೆಯೇ ಅಲೆಯ ತುದಿಯಲ್ಲಿ ತುಂಬಿಕೊಂಡು, ಮುಂದಿನ ಅಲೆ ಬರುವವರೆಗೆ ಲೋಡ್‌ಗೆ ವಿದ್ಯುತ್ ಉಣಿಸುತ್ತದೆ.

ನಾಲ್ಕನೆಯದು 7812 ಎಂಬ ಮೂರು ಕಾಲಿನ ರೆಗ್ಯುಲೇಟರ್. ಇದರ ಹೆಸರಿನ ಕೊನೆಯ ಎರಡು ಅಂಕಿ ಹೊರಬರುವ ವೋಲ್ಟೇಜನ್ನು ಹೇಳುತ್ತದೆ. 7805 ಆದರೆ 5 ವೋಲ್ಟ್, 7809 ಆದರೆ 9 ವೋಲ್ಟ್. ಒಳಗೆ ಬಂದ ವೋಲ್ಟೇಜಿನಲ್ಲಿ ಹೆಚ್ಚಾದದ್ದನ್ನು ಶಾಖವಾಗಿ ಕಳೆದು ಬೇಕಾದಷ್ಟನ್ನೇ ಹೊರಗೆ ಬಿಡುತ್ತದೆ. ಆದರೆ ಇದಕ್ಕೊಂದು ಷರತ್ತು ಇದೆ. ಹೊರಗೆ 12 ವೋಲ್ಟ್ ಬೇಕಾದರೆ ಒಳಗೆ ಯಾವ ಕ್ಷಣದಲ್ಲೂ ಸುಮಾರು 14 ವೋಲ್ಟ್‌ಗಿಂತ ಕಡಿಮೆ ಆಗಬಾರದು. ‘ಯಾವ ಕ್ಷಣದಲ್ಲೂ’ ಎಂಬ ಮಾತನ್ನು ನೆನಪಿಡಿ. ನಮ್ಮ ಕಥೆಯ ಗುಟ್ಟು ಅಲ್ಲಿದೆ.

ಮೊದಲು ಎಚ್ಚರಿಕೆ

230 ವೋಲ್ಟ್ ಪ್ರಾಣ ತೆಗೆಯಬಲ್ಲದು. ಪೆಟ್ಟಿಗೆಯ ಮುಚ್ಚಳ ತೆಗೆಯುವುದು, ಪ್ಲಗ್ ಚುಚ್ಚುವುದು, ಒಳಗೆ ಅಳೆಯುವುದು ಇವೆಲ್ಲ ಈ ಕೆಲಸ ಬಲ್ಲ ಶಿಕ್ಷಕರದೇ ಕೆಲಸ. ಮಕ್ಕಳು ಓದಿದ ಅಂಕಿಗಳನ್ನು ಬರೆದುಕೊಂಡು ಲೆಕ್ಕ ಮಾಡಲಿ. ಟ್ರಾನ್ಸ್‌ಫಾರ್ಮರ್‌ನ 230 ವೋಲ್ಟ್ ಬದಿಯ ಸಂದುಗಳೆಲ್ಲ ಮುಚ್ಚಿರಬೇಕು, ಆ ಬದಿಯಲ್ಲಿ ಫ್ಯೂಸ್ ಇರಬೇಕು. ಯಾವುದೇ ಭಾಗ ಬದಲಾಯಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಧಾರಕದಲ್ಲಿ ಉಳಿದ ವಿದ್ಯುತ್ತನ್ನು ಒಂದು ಬಲ್ಬು ಜೋಡಿಸಿ ಖಾಲಿ ಮಾಡಿ. ಧಾರಕದ ಮೇಲೆ ಋಣ ಗುರುತಿರುವ ಕಾಲನ್ನು ಋಣ ತುದಿಗೇ ಜೋಡಿಸಿ. ತಿರುಗುಮುರುಗಾದರೆ ಅದು ಒಡೆದು ಸಿಡಿಯಬಹುದು.

ಬಲ್ಬು ಉರಿಸಿ ಅಳೆಯೋಣ

ಆಂಪ್ಲಿಫೈಯರ್ ಎಳೆಯುವ ಪ್ರವಾಹ ಸದಾ ಒಂದೇ ಆಗಿರುವುದಿಲ್ಲ. ಮೆಲ್ಲಗೆ ಮಾತನಾಡಿದರೆ ಕಡಿಮೆ, ದನಿ ಏರಿದರೆ ಹೆಚ್ಚು. ಹುಡುಕಾಟಕ್ಕೆ ಸ್ಥಿರವಾದ ಲೋಡ್ ಬೇಕು. ಮೇಷ್ಟರು ಮೋಟರ್ ಸೈಕಲ್ಲಿನ 12 ವೋಲ್ಟ್, 5 ವ್ಯಾಟ್ ಪಾರ್ಕಿಂಗ್ ಬಲ್ಬೊಂದನ್ನು ತಂದರು. 5ನ್ನು 12ರಿಂದ ಭಾಗಿಸಿದರೆ 0.42. ಅಂದರೆ ಈ ಬಲ್ಬು 12 ವೋಲ್ಟ್‌ನಲ್ಲಿ 0.42 ಆಂಪಿಯರ್ ಎಳೆಯುತ್ತದೆ. ಜೋರಾಗಿ ಹಾಡುವಾಗ ಆ ಆಂಪ್ಲಿಫೈಯರ್ ಎಳೆಯುವುದೂ ಹತ್ತಿರ ಹತ್ತಿರ ಅಷ್ಟೇ.

ಬಲ್ಬು ಜೋಡಿಸಿದರು. ಮೀಟರ್ 12ರಿಂದ ಸುಮಾರು ಹತ್ತೂವರೆಗೆ ಇಳಿಯಿತು. ‘ಸಾರ್, ಸಿಕ್ಕಿತು!’ ಎಂದಳು ಹುಡುಗಿ. ‘ಇಳಿಯಿತು ಅಂತ ಸಿಕ್ಕಿದೆ. ಎಲ್ಲಿ ಇಳಿಯಿತು ಅಂತ ಇನ್ನೂ ಸಿಕ್ಕಿಲ್ಲ’ ಎಂದರು ಮೇಷ್ಟರು.

ಇಲ್ಲಿ ಅನೇಕರು ಎಡವುತ್ತಾರೆ. ಕಣ್ಣಿಗೆ ಕಂಡ ಭಾಗವನ್ನೆಲ್ಲ ಬದಲಾಯಿಸತೊಡಗುತ್ತಾರೆ. ಹಾಗೆ ಮಾಡಬೇಡಿ. ಬಲ್ಬು ಉರಿಯುತ್ತಿರುವಾಗಲೇ, ಹೊರ ತುದಿಯಿಂದ ಒಳಕ್ಕೆ ಒಂದೊಂದೇ ಜಾಗದಲ್ಲಿ ಅಳೆಯುತ್ತ ಹೋಗಿ. ನೀರು ಸೋರುವ ಕಾಲುವೆಯನ್ನು ಗದ್ದೆಯಿಂದ ತೂಬಿನವರೆಗೆ ನೋಡುತ್ತ ನಡೆಯುವ ಹಾಗೆ.

ಬಲ್ಬಿನ ತುದಿಗಳಲ್ಲಿ: 10.5 ವೋಲ್ಟ್.
ರೆಗ್ಯುಲೇಟರ್ ಹೊರಬದಿಯಲ್ಲಿ: 10.5 ವೋಲ್ಟ್. (ಹಾಗಾದರೆ ನಡುವಿನ ತಂತಿಯಲ್ಲಿ ತೊಂದರೆಯಿಲ್ಲ.)
ಧಾರಕದ ಮೇಲೆ: ಬಲ್ಬು ಇಲ್ಲದಾಗ 18 ವೋಲ್ಟ್‌ಗಿಂತ ಹೆಚ್ಚು, ಬಲ್ಬು ಉರಿದಾಗ ಸುಮಾರು 13 ವೋಲ್ಟ್.
ಟ್ರಾನ್ಸ್‌ಫಾರ್ಮರ್ ತುದಿಯಲ್ಲಿ, ಎ.ಸಿ.: ಬಲ್ಬು ಇಲ್ಲದಾಗ 14 ವೋಲ್ಟ್, ಬಲ್ಬು ಉರಿದಾಗ 12 ವೋಲ್ಟ್‌ಗೂ ತುಸು ಮೇಲೆ.

ಟ್ರಾನ್ಸ್‌ಫಾರ್ಮರ್ ಸ್ವಲ್ಪ ಇಳಿದದ್ದು ಸಹಜ. ಅದರ ಸುರುಳಿಗೂ ಒಳರೋಧ ಇದೆ. 12 ವೋಲ್ಟ್ ಎಂದು ಬರೆದಿರುವುದು ಪೂರ್ತಿ ಲೋಡ್ ಇರುವಾಗಿನ ಮಾತು. ಲೋಡ್ ಇಲ್ಲದಾಗ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳು ಬರೆದದ್ದಕ್ಕಿಂತ ಒಂದೆರಡು ವೋಲ್ಟ್ ಹೆಚ್ಚೇ ಕೊಡುತ್ತವೆ. ದೊಡ್ಡ ಇಳಿತ ಕಂಡದ್ದು ಧಾರಕದ ಹತ್ತಿರ.

ತೊಟ್ಟಿ ಚಿಕ್ಕದಾಗಿತ್ತು

ಹುಡುಗಿಗೆ ಒಂದು ಸಂಶಯ ಬಂತು. ‘ಸಾರ್, ಧಾರಕದ ಮೇಲೆ 13 ವೋಲ್ಟ್ ಇದೆಯಲ್ಲ. 12ಕ್ಕಿಂತ ಹೆಚ್ಚೇ ಆಯಿತು. ಮತ್ತೆ ಯಾಕೆ ಸಾಲದು?’ ಒಳ್ಳೆಯ ಪ್ರಶ್ನೆ. ಮೀಟರ್ ನಿಧಾನದ ಪ್ರಾಣಿ. ಸೆಕೆಂಡಿಗೆ ನೂರು ಸಲ ಏರಿಳಿಯುವುದನ್ನು ಅದು ತೋರಿಸಲಾರದು, ಸರಾಸರಿಯನ್ನು ಮಾತ್ರ ತೋರಿಸುತ್ತದೆ. ಹೊಳೆಯ ಸರಾಸರಿ ಆಳ ಮೊಣಕಾಲಷ್ಟು ಎಂದು ನಂಬಿ ದಾಟಲು ಹೋದವನಿಗೆ ನಡುವಿನ ಮಡು ಗೊತ್ತಾಗುವುದು ಮುಳುಗಿದಾಗ!

ಲೆಕ್ಕ ಹಾಕಿ ಮಡುವನ್ನು ಹುಡುಕೋಣ. 12 ವೋಲ್ಟ್ ಎ.ಸಿ. ಎಂದರೆ ಅಲೆಯ ತುದಿ ಅದರ 1.414 ಪಟ್ಟು, ಅಂದರೆ ಸುಮಾರು 17 ವೋಲ್ಟ್. ಡಯೋಡ್‌ಗಳ ಸುಂಕ 1.4 ಕಳೆದರೆ 15.6 ವೋಲ್ಟ್. ಧಾರಕ ಇಷ್ಟಕ್ಕೆ ತುಂಬಿಕೊಳ್ಳುತ್ತದೆ. ಮುಂದಿನ ಅಲೆಯ ತುದಿ ಬರುವುದು ಸೆಕೆಂಡಿನ ನೂರನೇ ಒಂದು ಭಾಗದ ನಂತರ. ಅಷ್ಟರಲ್ಲಿ ಎಷ್ಟು ಇಳಿಯುತ್ತದೆ? ಅದಕ್ಕೆ ಒಂದು ಸುಲಭ ಸೂತ್ರ ಇದೆ:

ಇಳಿತ = ಪ್ರವಾಹ × ಸಮಯ ÷ ಧಾರಕದ ಸಾಮರ್ಥ್ಯ

ಹುಡುಗಿ ಹಾಕಿದ್ದ ಧಾರಕ 470 ಮೈಕ್ರೋಫ್ಯಾರಡ್, ಅಂದರೆ 0.00047 ಫ್ಯಾರಡ್. 0.42 × 0.01 ÷ 0.00047 ಮಾಡಿದರೆ ಸುಮಾರು 9 ವೋಲ್ಟ್. ನಿಜದಲ್ಲಿ ಮುಂದಿನ ಅಲೆ ತುದಿ ಮುಟ್ಟುವ ಮೊದಲೇ ಧಾರಕವನ್ನು ತುಂಬತೊಡಗುತ್ತದೆ. ಆದ್ದರಿಂದ ಇಳಿತ ಆರು, ಆರೂವರೆ ವೋಲ್ಟ್ ಆಗಬಹುದು. ಆದರೂ 15.6ರಿಂದ ಅಷ್ಟನ್ನು ಕಳೆದರೆ ಉಳಿಯುವುದು 9 ವೋಲ್ಟ್ ಚಿಲ್ಲರೆ. ರೆಗ್ಯುಲೇಟರ್‌ಗೆ ಬೇಕಾದ್ದು 14! ಪ್ರತಿ ಅಲೆಯಲ್ಲೂ ಅದು ಸೋತು, ಮತ್ತೆ ಚೇತರಿಸಿಕೊಂಡು, ಮತ್ತೆ ಸೋಲುತ್ತಿತ್ತು. ಸೆಕೆಂಡಿಗೆ ನೂರು ಸಲ ಆಗುವ ಈ ಸೋಲನ್ನೇ ಸ್ಪೀಕರ್ ‘ಗೊರ್‌ರ್’ ಎಂದು ಹಾಡಿ ತೋರಿಸುತ್ತಿತ್ತು.

ಈಗ ಇನ್ನೊಂದು ಲೆಕ್ಕ. ಮೆಲ್ಲಗೆ ಮಾತನಾಡುವಾಗ ಪ್ರವಾಹ 0.05 ಆಂಪಿಯರ್ ಇತ್ತು ಎನ್ನಿ. ಅದೇ ಸೂತ್ರದಿಂದ ಇಳಿತ ಒಂದು ವೋಲ್ಟ್ ಮಾತ್ರ. 15.6ರಿಂದ 14.6. ರೆಗ್ಯುಲೇಟರ್‌ಗೆ ಸಾಕು. ಒಬ್ಬರೇ ಮಾತನಾಡಿದಾಗ ಸರಿಯಿದ್ದು, ಹತ್ತು ಮಂದಿ ಹಾಡಿದಾಗ ಕೆಟ್ಟದ್ದು ಏಕೆಂದು ಈಗ ತಿಳಿಯಿತಲ್ಲವೇ?

ಮೇಷ್ಟರು ಪ್ಲಗ್ ಕಿತ್ತು, 470ರ ಬದಲು 4700 ಮೈಕ್ರೋಫ್ಯಾರಡ್‌ನ ಧಾರಕ ಹಾಕಿದರು. ತೊಟ್ಟಿ ಹತ್ತು ಪಟ್ಟು ದೊಡ್ಡದಾಯಿತು, ಇಳಿತ ಒಂದು ವೋಲ್ಟ್‌ಗೂ ಕಡಿಮೆಯಾಯಿತು. ಬಲ್ಬು ಉರಿಸಿದರು. 12 ವೋಲ್ಟ್! ಹಾಡು ಸ್ವಚ್ಛವಾಗಿ ಕೇಳಿಸಿತು.

ನಿಮ್ಮ ಪೆಟ್ಟಿಗೆ ಮೊದಲು ಸರಿಯಿದ್ದು ವರ್ಷಗಳ ನಂತರ ಹೀಗಾದರೂ ಧಾರಕವನ್ನೇ ಮೊದಲು ಶಂಕಿಸಿ. ಇದರೊಳಗಿನ ದ್ರವ ಕಾಲಕ್ರಮೇಣ ಒಣಗುತ್ತದೆ. ಬಿಸಿಯಲ್ಲಿ ಬೇಗ ಒಣಗುತ್ತದೆ. ಆಗ ತೊಟ್ಟಿ ತಾನಾಗಿಯೇ ಚಿಕ್ಕದಾದಂತೆ. ಕೆಲವು ಸಲ ಅದರ ತಲೆ ಉಬ್ಬಿರುವುದೂ ಕಾಣುತ್ತದೆ.

ಸಂಜೆಯಾದಾಗ ಮತ್ತೆ ಗೊರಗೊರ

ಕಥೆ ಮುಗಿಯಿತು ಎಂದುಕೊಂಡಿರಾ? ಅದೇ ಸಂಜೆ ಸಾಂಸ್ಕೃತಿಕ ಕಾರ್ಯಕ್ರಮದ ಅಭ್ಯಾಸದಲ್ಲಿ ಸದ್ದು ಮತ್ತೆ ಶುರುವಾಯಿತು. ಬೆಳಗ್ಗೆ ಇಲ್ಲದ್ದು ಸಂಜೆ ಏಕೆ?

ಹುಡುಗಿ ಈ ಸಲ ಗಾಬರಿಯಾಗಲಿಲ್ಲ. ಮತ್ತೆ ಬಲ್ಬು ಜೋಡಿಸಿ, ಮೇಷ್ಟರು ಓದಿದ ಅಂಕಿಗಳನ್ನು ಬರೆದಳು. ಲೋಡ್ ಇಲ್ಲದಾಗ ಬೆಳಗ್ಗೆ 14 ವೋಲ್ಟ್ ಎ.ಸಿ. ಕೊಡುತ್ತಿದ್ದ ಟ್ರಾನ್ಸ್‌ಫಾರ್ಮರ್ ಈಗ 12ಕ್ಕೆ ಸ್ವಲ್ಪ ಮೇಲೆ ತೋರಿಸುತ್ತಿತ್ತು. ಟ್ರಾನ್ಸ್‌ಫಾರ್ಮರ್ ಕೊಡುವುದು ತನಗೆ ಬಂದದ್ದರ ಅನುಪಾತದಲ್ಲಿ. ಹಾಗಾದರೆ ಮನೆಗೆ ಬರುವ 230 ವೋಲ್ಟೇ 200ರ ಹತ್ತಿರಕ್ಕೆ ಇಳಿದಿದೆ! 230 ವೋಲ್ಟ್ ಬದಿಯನ್ನು ಮುಟ್ಟದೆಯೇ ಇದನ್ನು ತಿಳಿದದ್ದು ಜಾಣತನ.

ಊರಿನ ಪಂಪ್‌ಸೆಟ್, ದೀಪ, ಮಿಕ್ಸಿ, ಟಿ.ವಿ. ಎಲ್ಲ ಒಟ್ಟಿಗೆ ಓಡುವಾಗ ಊರಾಚೆಯ ದೊಡ್ಡ ಟ್ರಾನ್ಸ್‌ಫಾರ್ಮರ್‌ಗೂ ಉದ್ದನೆಯ ತಂತಿಗೂ ಅದೇ ಓಮ್ ನಿಯಮ ಅನ್ವಯಿಸುತ್ತದೆ. 200 ವೋಲ್ಟ್ ಬಂದಾಗ ನಮ್ಮ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಲೋಡ್‌ನಲ್ಲಿ ಕೊಡುವುದು 10.4 ವೋಲ್ಟ್. ಅಲೆಯ ತುದಿ 14.8. ಸುಂಕ ಕಳೆದು 13.4. ತುದಿಯೇ 14ಕ್ಕಿಂತ ಕೆಳಗಿರುವಾಗ ಎಷ್ಟು ದೊಡ್ಡ ಧಾರಕ ಹಾಕಿದರೂ ಪ್ರಯೋಜನವಿಲ್ಲ. ಟ್ಯಾಂಕೇ ತಗ್ಗಿನಲ್ಲಿದ್ದರೆ ತೊಟ್ಟಿ ದೊಡ್ಡದು ಮಾಡಿ ಏನು ಫಲ?

ಮರುದಿನ ಪೇಟೆಯಿಂದ 15 ವೋಲ್ಟ್, 1 ಆಂಪಿಯರ್‌ನ ಟ್ರಾನ್ಸ್‌ಫಾರ್ಮರ್ ಬಂತು. ಈಗ 200 ವೋಲ್ಟ್‌ನಲ್ಲೂ ತುದಿ ಸುಮಾರು 17 ವೋಲ್ಟ್, ತಗ್ಗು 16ರ ಮೇಲೆ. 180 ವೋಲ್ಟ್‌ಗೆ ಇಳಿದರೂ ಅಂತೂ ಇಂತೂ 14 ದಾಟುತ್ತದೆ. ಜೊತೆಗೆ 25 ವೋಲ್ಟ್ ಎಂದು ಬರೆದಿದ್ದ ಧಾರಕವನ್ನು ತೆಗೆದು 35 ವೋಲ್ಟ್‌ನದನ್ನು ಹಾಕಿದರು. ಲೋಡ್ ಇಲ್ಲದಾಗ 15 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನ ಅಲೆಯ ತುದಿ 25ರ ಹತ್ತಿರಕ್ಕೆ ಏರಬಲ್ಲದು. ಅದನ್ನು ತಾಳುವ ಶಕ್ತಿ ಧಾರಕಕ್ಕೆ ಇರಬೇಕಲ್ಲ!

ಇನ್ನೊಂದು ಕಿವಿಮಾತು. 1 ಆಂಪಿಯರ್ ಎಂದು ಬರೆದ ಟ್ರಾನ್ಸ್‌ಫಾರ್ಮರ್‌ನಿಂದ ಡಯೋಡ್ ಮತ್ತು ಧಾರಕ ದಾಟಿದ ಮೇಲೆ ಬಿಡದೆ ಎಳೆಯಬಹುದಾದ್ದು ಸುಮಾರು 0.6 ಆಂಪಿಯರ್ ಮಾತ್ರ. ಧಾರಕ ತುಂಬುವುದು ಅಲೆಯ ತುದಿಯಲ್ಲಿ ಕ್ಷಣಮಾತ್ರ. ಆ ಕ್ಷಣ ಪ್ರವಾಹ ಬಹಳ ಹೆಚ್ಚು ನುಗ್ಗಿ ಸುರುಳಿ ಬಿಸಿಯಾಗುತ್ತದೆ.

ಬಿಸಿಯಾದ ರೆಗ್ಯುಲೇಟರ್

ಒಂದು ಕಡೆ ಸರಿಪಡಿಸಿದರೆ ಇನ್ನೊಂದು ಕಡೆ ತಲೆ ಎತ್ತುವುದುಂಟು. ಬಲ್ಬು ಕೆಲವು ನಿಮಿಷ ಚೆನ್ನಾಗಿ ಉರಿದು ಮಂಕಾಯಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬೆಳಗಿತು. ಇದಕ್ಕೆ ಕಾರಣ ಶಾಖ. ಧಾರಕದ ಮೇಲೆ ಈಗ ಸರಾಸರಿ 19.4 ವೋಲ್ಟ್. ಹೊರಬರುವುದು 12. ನಡುವಿನ 7.4 ವೋಲ್ಟನ್ನು 0.42 ಆಂಪಿಯರ್‌ನಿಂದ ಗುಣಿಸಿದರೆ 3.1 ವ್ಯಾಟ್. ಇಷ್ಟು ಶಾಖವನ್ನು ಬೆರಳ ತುದಿಯಷ್ಟು ದೊಡ್ಡ ರೆಗ್ಯುಲೇಟರ್ ಒಂಟಿಯಾಗಿ ಹೊರಹಾಕಲಾರದು. ಮಿತಿ ಮೀರಿ ಬಿಸಿಯಾದಾಗ ತನ್ನನ್ನು ಕಾಪಾಡಿಕೊಳ್ಳಲು ಕೆಲಸ ನಿಲ್ಲಿಸುತ್ತದೆ, ತಣಿದ ಮೇಲೆ ಮತ್ತೆ ಶುರು ಮಾಡುತ್ತದೆ.

ಅದರ ಲೋಹದ ಬೆನ್ನಿಗೆ ಅಲ್ಯುಮಿನಿಯಂ ಹೀಟ್ ಸಿಂಕ್ ಬಿಗಿದರೆ ಆಯಿತು. ಅಂಗೈಯಗಲದ ದಪ್ಪ ಅಲ್ಯುಮಿನಿಯಂ ತಗಡನ್ನು ಸ್ಕ್ರೂ ಹಾಕಿ ಬಿಗಿದರೂ ನಡೆಯುತ್ತದೆ. ಪೆಟ್ಟಿಗೆಗೆ ಗಾಳಿಯಾಡುವ ತೂತುಗಳಿರಲಿ. ಸ್ವಲ್ಪ ಹೊತ್ತು ಓಡಿದ ರೆಗ್ಯುಲೇಟರನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ, ಸುಡುತ್ತದೆ.

ಇತರ ಕಳ್ಳರು

ನಮ್ಮ ಪೆಟ್ಟಿಗೆಯಲ್ಲಿ ಇರದಿದ್ದರೂ ನಿಮ್ಮದರಲ್ಲಿ ಇರಬಹುದಾದ ಇನ್ನು ಕೆಲವು ಕಾರಣಗಳಿವೆ.

ಸತ್ತ ಡಯೋಡ್: ನಾಲ್ಕರಲ್ಲಿ ಒಂದು ಡಯೋಡ್ ಒಳಗೇ ಕಡಿದುಹೋದರೆ ಸೆಕೆಂಡಿಗೆ 100ರ ಬದಲು 50 ಅಲೆ ಮಾತ್ರ ಸಿಗುತ್ತದೆ. ಧಾರಕ ಎರಡರಷ್ಟು ಹೊತ್ತು ಕಾಯಬೇಕು, ಇಳಿತವೂ ಸುಮಾರು ಎರಡರಷ್ಟು. ಲೋಡ್ ಇಲ್ಲದಾಗ ಇದೂ ಗೊತ್ತಾಗುವುದಿಲ್ಲ. ಪ್ಲಗ್ ಕಿತ್ತು, ಡಯೋಡಿನ ಒಂದು ಕಾಲು ಬಿಡಿಸಿ, ಮಲ್ಟಿಮೀಟರ್‌ನ ಡಯೋಡ್ ಗುರುತಿನಲ್ಲಿ ಅಳೆಯಿರಿ. ಒಂದು ದಿಕ್ಕಿನಲ್ಲಿ 0.6ರ ಆಸುಪಾಸು ಬರಬೇಕು, ಇನ್ನೊಂದು ದಿಕ್ಕಿನಲ್ಲಿ ಏನೂ ಬರಬಾರದು.

ಸಡಿಲ ಬೆಸುಗೆ: ಸರಿಯಾಗಿ ಕಾಯಿಸದೆ ಹಾಕಿದ ಬೆಸುಗೆ ಹೊಳಪಿಲ್ಲದೆ, ಬಿರುಕು ಬಿಟ್ಟಂತೆ ಕಾಣುತ್ತದೆ. ಇಲ್ಲಿ ಅರ್ಧ, ಒಂದು ಓಮ್ ರೋಧ ಸೇರಿಕೊಂಡರೂ ಸಾಕು. ಸ್ವಿಚ್ಚು, ಪಿನ್ನು, ತುಕ್ಕು ಹಿಡಿದ ಸ್ಕ್ರೂ ಎಲ್ಲಕ್ಕೂ ಇದೇ ಮಾತು.

ತೆಳು ತಂತಿ: ಪೆಟ್ಟಿಗೆ ಕೊಠಡಿಯೊಳಗಿದ್ದು ಆಂಪ್ಲಿಫೈಯರ್ ಅಂಗಳದಲ್ಲಿದ್ದರೆ ನಡುವಿನ ತಂತಿಯನ್ನು ಗಮನಿಸಿ. 0.2 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಮೀಟರಿಗೆ ಸುಮಾರು 0.086 ಓಮ್. ಹತ್ತು ಮೀಟರ್ ದೂರ ಎಂದರೆ ಹೋಗಿ ಬರಲು ಇಪ್ಪತ್ತು ಮೀಟರ್, ಅಂದರೆ 1.7 ಓಮ್. ಅರ್ಧ ಆಂಪಿಯರ್ ಹರಿದರೆ ಹೆಚ್ಚು ಕಡಿಮೆ 0.86 ವೋಲ್ಟ್ ದಾರಿಯಲ್ಲೇ ಮಾಯ! ತಂತಿಯ ಎರಡೂ ತುದಿಗಳಲ್ಲಿ ಅಳೆದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಶಿವನಸಮುದ್ರದ ಪಾಠ

ಈ ಲೆಕ್ಕ ಪುಟ್ಟ ಪೆಟ್ಟಿಗೆಗೆ ಮಾತ್ರ ಸೀಮಿತವಲ್ಲ. 1902ರಲ್ಲಿ ಕಾವೇರಿ ನದಿಯ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದರು. ಅಷ್ಟು ಉದ್ದದ ತಂತಿಯ ರೋಧ ಕಡಿಮೆಯೇ? ಕಡಿಮೆ ವೋಲ್ಟೇಜಿನಲ್ಲಿ ಕಳಿಸಿದ್ದರೆ ಪ್ರವಾಹ ಬಹಳ ಹೆಚ್ಚು ಬೇಕಾಗಿ ದಾರಿಯಲ್ಲೇ ಎಲ್ಲ ಕಳೆದುಹೋಗುತ್ತಿತ್ತು. ಅದಕ್ಕೇ ಟ್ರಾನ್ಸ್‌ಫಾರ್ಮರ್ ಬಳಸಿ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಕಳಿಸಿದರು. ವೋಲ್ಟೇಜ್ ಏರಿದರೆ ಅಷ್ಟೇ ಶಕ್ತಿಗೆ ಬೇಕಾದ ಪ್ರವಾಹ ಇಳಿಯುತ್ತದೆ. ಪ್ರವಾಹ ಇಳಿದರೆ ದಾರಿಯ ನಷ್ಟವೂ ಇಳಿಯುತ್ತದೆ. ಇಂದಿಗೂ ಹೊಲಗಳ ಮೇಲೆ ಎತ್ತರದ ಗೋಪುರಗಳಲ್ಲಿ ಹಾದುಹೋಗುವ ತಂತಿಗಳ ಹಿಂದಿರುವುದು ಇದೇ ವಿಚಾರ.

ಲಕ್ಷಣ ನೋಡಿ ಕಾರಣ ಹುಡುಕಿ

• ಲೋಡ್ ಕೊಟ್ಟೊಡನೆ ಇಳಿತ, ಜೊತೆಗೆ ಗೊರಗೊರ: ಧಾರಕ ಚಿಕ್ಕದು ಅಥವಾ ಒಣಗಿದೆ, ಇಲ್ಲವೇ ಡಯೋಡ್ ಸತ್ತಿದೆ.
• ದಿನದ ಕೆಲವು ಹೊತ್ತಿನಲ್ಲಿ ಮಾತ್ರ ತೊಂದರೆ: ಊರಿನ ವೋಲ್ಟೇಜ್ ಇಳಿದಿದೆ, ಟ್ರಾನ್ಸ್‌ಫಾರ್ಮರ್‌ನ ವೋಲ್ಟೇಜ್ ಸಾಲದು.
• ಕೆಲವು ನಿಮಿಷ ಸರಿಯಿದ್ದು ಆಮೇಲೆ ಇಳಿತ, ತಣಿದ ಮೇಲೆ ಸರಿ: ರೆಗ್ಯುಲೇಟರ್ ಬಿಸಿಯಾಗಿದೆ.
• ಪೆಟ್ಟಿಗೆಯ ಬಳಿ ಸರಿ, ದೂರದಲ್ಲಿ ಕಡಿಮೆ: ತೆಳು ತಂತಿ.
• ಅಲುಗಾಡಿಸಿದರೆ ಏರಿಳಿತ: ಸಡಿಲ ಸಂದು ಅಥವಾ ಬೆಸುಗೆ.

ಆಗಸ್ಟ್ 15ರ ಬೆಳಗ್ಗೆ ಧ್ವಜಾರೋಹಣವಾಯಿತು. ಮಕ್ಕಳೆಲ್ಲ ದನಿಯೆತ್ತಿ ಹಾಡಿದರು. ಸ್ಪೀಕರ್ ಒಮ್ಮೆಯೂ ಗೊರಗುಟ್ಟಲಿಲ್ಲ. ಸಂಜೆಯ ಕಾರ್ಯಕ್ರಮವೂ ಸುಸೂತ್ರವಾಗಿ ನಡೆಯಿತು. ಬಾಡಿಗೆಗೆ ಕೊಡಬೇಕಾಗಿದ್ದ ಹಣದಲ್ಲಿ ಶಾಲೆಗೆ ಒಂದು ಸ್ವಂತ ಮಲ್ಟಿಮೀಟರ್ ಕೊಳ್ಳಲು ಎಸ್‌ಡಿಎಂಸಿ ಸಭೆ ಒಪ್ಪಿತು. ಹುಡುಗಿ ತನ್ನ ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿದಳು. ಅದರಲ್ಲಿ ಇದ್ದದ್ದು ಒಂದೇ ಸಾಲು: ‘ಬಲ್ಬು ಉರಿಸಿ ಅಳೆಯಿರಿ.’

ನಿಮಗೊಂದಿಷ್ಟು ಪ್ರಶ್ನೆಗಳು

1. ನಿಮ್ಮ ಬಳಿ 9 ವೋಲ್ಟ್ ಟ್ರಾನ್ಸ್‌ಫಾರ್ಮರ್ ಇದೆ. 7809 ಬಳಸಿ 9 ವೋಲ್ಟ್ ಡಿ.ಸಿ. ಪಡೆಯಬಹುದೇ?
2. ಮೇಲಿನ ಬಲ್ಬಿಗೆ 1000 ಮೈಕ್ರೋಫ್ಯಾರಡ್ ಧಾರಕ ಹಾಕಿದರೆ ಸೂತ್ರದ ಪ್ರಕಾರ ಇಳಿತ ಎಷ್ಟು?
3. ಸಂಜೆ ಹೊತ್ತು ಪಕ್ಕದ ಮನೆಯವರು ಪಂಪು ಹಾಕಿದೊಡನೆ ನಿಮ್ಮ ಮನೆಯ ಹಳೆಯ ಬಲ್ಬು ಕ್ಷಣಕಾಲ ಮಂಕಾಗುವುದೇಕೆ?

ಉತ್ತರಗಳು: 1. ಅಲೆಯ ತುದಿ 12.7 ವೋಲ್ಟ್, ಸುಂಕ ಕಳೆದು 11.3. ರೆಗ್ಯುಲೇಟರ್‌ಗೆ ಬೇಕಾದ್ದು 11. ಬಹಳ ಸಣ್ಣ ಲೋಡ್‌ಗೆ ಮಾತ್ರ ನಡೆದೀತು. 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಲೇಸು. 2. 0.42 × 0.01 ÷ 0.001 = 4.2 ವೋಲ್ಟ್. 3. ಮೋಟರು ಹೊರಡುವಾಗ ಬಹಳ ಹೆಚ್ಚು ಪ್ರವಾಹ ಎಳೆಯುತ್ತದೆ. ಎರಡು ಮನೆಗೂ ಬರುವ ಒಂದೇ ತಂತಿಯಲ್ಲಿ ಆ ಕ್ಷಣ ಹೆಚ್ಚು ವೋಲ್ಟ್ ಕಳೆಯುತ್ತದೆ.